ಯಾರು ನೋಡುತ್ತಿದ್ದೀರಿ?

ಟೀವಿಯ ಬೆನ್ನಿಗೆ ಸಿಕ್ಕಿಸುವ ಬೆರಳುದ್ದದ ಕಡ್ಡಿ, ಇಲ್ಲವೇ ಅಂಗೈಯಗಲದ ಪುಟ್ಟ ಡಬ್ಬಿ. ಆಪಲ್ ಟೀವಿ 2007ರಲ್ಲಿ ಬಂತು, ರೋಕು 2008ರಲ್ಲಿ, ಗೂಗಲ್‌ನ ಕ್ರೋಮ್‌ಕಾಸ್ಟ್ 2013ರಲ್ಲಿ. ಅಮೆಜಾನ್‌ನ ಫೈರ್ ಸ್ಟಿಕ್ ನಮ್ಮ ದೇಶಕ್ಕೆ ಕಾಲಿಟ್ಟದ್ದು 2017ರಲ್ಲಿ. ಈಗಂತೂ ಹೊಸ ಟೀವಿಗಳ ಹೊಟ್ಟೆಯೊಳಗೇ ಇದು ಸೇರಿಕೊಂಡಿದೆ. ಇದರ ಬಗ್ಗೆ ಬರುವ ವಿಮರ್ಶೆಗಳೆಲ್ಲ ಚಿತ್ರ ಎಷ್ಟು ಸ್ಪಷ್ಟ, ರಿಮೋಟ್ ಎಷ್ಟು ಚುರುಕು ಎಂಬಲ್ಲಿಗೆ ಮುಗಿದುಬಿಡುತ್ತವೆ. ಒಂದು ಪತ್ರಿಕೆಯನ್ನು ವಿಮರ್ಶಿಸುವಾಗ ಅದರ ಕಾಗದದ ನುಣುಪನ್ನಷ್ಟೇ ನೋಡುತ್ತೇವೆಯೇ? ಸಂಪಾದಕ ಯಾರು, ಮುಖಪುಟಕ್ಕೆ ಏನನ್ನು ತಂದಿದ್ದಾನೆ, ಯಾವುದನ್ನು ಕೈಬಿಟ್ಟಿದ್ದಾನೆ ಎಂದು ಕೇಳುತ್ತೇವೆ. ಈ ಡಬ್ಬಿಯನ್ನೂ ಹಾಗೆಯೇ ಓದಬೇಕೆಂದು ನನಗನಿಸುತ್ತದೆ.

ನೆಟ್‌ಫ್ಲಿಕ್ಸ್ ತೆರೆದರೆ ಅದು ಮೊದಲು ಕೇಳುವ ಪ್ರಶ್ನೆ, 'ಯಾರು ನೋಡುತ್ತಿದ್ದೀರಿ?' 2013ರಲ್ಲಿ ಬಂದ ಏರ್ಪಾಡು ಇದು. ಒಂದು ಖಾತೆಗೆ ಐದು ಮುಖಗಳು. ನಿಮ್ಮದನ್ನು ಒತ್ತಿ ಒಳಗೆ ಹೋಗಬೇಕು. ಕಥೆಗಾರನಾದ ನನಗೆ ಈ ಪ್ರಶ್ನೆ ಬಹಳ ಹಿಡಿಸಿತು. ದಾದಿ, ಅಬ್ಬಾ, ಅಮ್ಮಿ, ಸೊಸೆಯರು, ಮಕ್ಕಳು ಎಲ್ಲ ಒಂದೇ ಚಾಪೆಯ ಮೇಲೆ ಕೂತಿರುವ ಮನೆಯಲ್ಲಿ ಇದಕ್ಕೆ ಏನು ಉತ್ತರ ಕೊಡುವುದು? 'ನಾವೆಲ್ಲ' ಎಂಬ ಮುಖ ಆ ಐದರಲ್ಲಿಲ್ಲ. ಕೊನೆಗೆ ರಿಮೋಟ್ ಹಿಡಿದ ಹಿರಿಯ ಮೊಮ್ಮಗನ ಮುಖವೇ ಮನೆಯ ಮುಖವಾಗುತ್ತದೆ. ದಾದಿಯ ಕಣ್ಣೀರಿನ ಕಥೆಗಳೂ ಅವನ ಬಂದೂಕಿನ ಕಥೆಗಳೂ ಒಂದೇ ಲೆಕ್ಕದಲ್ಲಿ ಸೇರಿ, ಈ ಮನೆಯಲ್ಲಿ ಯಾರೋ ತಲೆಕೆಟ್ಟವನೊಬ್ಬನಿದ್ದಾನೆ ಎಂದು ಯಂತ್ರ ತಿಳಿದುಕೊಂಡರೆ ಆಶ್ಚರ್ಯವಿಲ್ಲ.

ಇಲ್ಲಿ ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ನೆನಪಾಗುತ್ತದೆ. ವೈದೇಹಿಯವರ ಕಥೆಯನ್ನು ಆಧರಿಸಿದ 2008ರ ಚಿತ್ರ. ಕರಾವಳಿಯ ಮೀನುಗಾರರ ಊರಿನಲ್ಲಿ ಗಂಡ ಬಿಟ್ಟುಹೋದ ಸೂಲಗಿತ್ತಿ ಗುಲಾಬಿ, ಸಿನಿಮಾದ ಹುಚ್ಚಿನ ಹೆಂಗಸು. ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಅವಳಿಗೆ ಡಿಶ್ ಸಮೇತ ಟೀವಿ ಸಿಗುತ್ತದೆ. ಊರಿನ ಹೆಂಗಸರು ಅವಳ ಮನೆಯಲ್ಲಿ ನೆರೆಯತೊಡಗುತ್ತಾರೆ. ಮುಸ್ಲಿಮಳ ಮನೆ ಎಂದು ಕೆಲವರು ಹಿಂಜರಿಯುತ್ತಾರೆ, ಕೆಲವರು ಗಂಡಸರ ಕಣ್ಣುತಪ್ಪಿಸಿ ಬರುತ್ತಾರೆ. ಬಂದವರು ಟೀವಿ ನೋಡುವುದಕ್ಕಿಂತ ಹೆಚ್ಚಾಗಿ ತಮ್ಮ ತಮ್ಮ ಮನೆಯ ಕಥೆ ಹೇಳಿಕೊಳ್ಳುತ್ತಾರೆ. ಆಮೇಲೆ 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ ಊರಿನ ಗಾಳಿಯೇ ಬದಲಾಗಿ ಗುಲಾಬಿ ಆ ಮನೆಯನ್ನೇ ಬಿಡಬೇಕಾಗುತ್ತದೆ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರವಿದು. ಟೀವಿ ಮನುಷ್ಯರನ್ನು ಒಂದುಮಾಡುತ್ತದೆ ಎಂಬ ಭ್ರಮೆ ಕಾಸರವಳ್ಳಿಯವರಿಗೆ ಇರಲಿಲ್ಲ. ಆದರೂ ಒಂದು ಹೊಸ್ತಿಲನ್ನು ದಾಟಿಸುವಷ್ಟು ಶಕ್ತಿ ಆ ಪೆಟ್ಟಿಗೆಗೆ ಇತ್ತೆಂದು ಅವರು ತೋರಿಸಿದರು. ಐದು ಮುಖಗಳ ಡಬ್ಬಿಗೆ ಯಾರ ಹೊಸ್ತಿಲನ್ನೂ ದಾಟಬೇಕಾದ ಅಗತ್ಯವಿಲ್ಲ.

ಹಾಗೆಂದು ಹಳೆಯದನ್ನು ಹೊಗಳುತ್ತ ಕೂರುವುದು ನನ್ನ ಉದ್ದೇಶವಲ್ಲ. ರಾತ್ರಿ ಎಂಟರ ಧಾರಾವಾಹಿಯ ಹೊತ್ತಿಗೆ ಸರಿಯಾಗಿ ರೊಟ್ಟಿ ಬೇಯಿಸುತ್ತಿದ್ದ ಸೊಸೆಗೆ ಆ ಧಾರಾವಾಹಿ ಎಂದೂ ಪೂರ್ತಿ ಸಿಗುತ್ತಿರಲಿಲ್ಲ. ಅಡುಗೆಮನೆಗೆ ಕೇಳಿಸಿದ ಸಂಭಾಷಣೆಯಿಂದಲೇ ಅವಳು ಕಥೆ ಕಟ್ಟಿಕೊಳ್ಳುತ್ತಿದ್ದಳು. ಈಗ ಪಾತ್ರೆ ತೊಳೆದಿಟ್ಟು, ಎಲ್ಲರೂ ಮಲಗಿದ ಮೇಲೆ, ತನಗೆ ಬೇಕಾದಲ್ಲಿ ನಿಲ್ಲಿಸಿ ನೋಡುತ್ತಾಳೆ. ಈ ಬಿಡುವನ್ನು ಕೊಟ್ಟದ್ದು ಸಣ್ಣ ಮಾತಲ್ಲ.

ಆದರೆ ಕಪಾಟು ಮಾತ್ರ ಅವಳದ್ದಲ್ಲ. ಎಂಬತ್ತರ ದಶಕದಲ್ಲಿ ಉರ್ದು ಮಾತಾಡುವ ಮನೆಗಳಿಗೆ 'ತನ್ಹಾಯಿಯಾಂ', 'ಧೂಪ್ ಕಿನಾರೆ'ಯಂಥ ಪಾಕಿಸ್ತಾನಿ ನಾಟಕಗಳು ವಿಡಿಯೋ ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು. ನಕಲಿನ ನಕಲಾಗಿ ಬಣ್ಣಗೆಟ್ಟಿದ್ದರೂ ಕಪಾಟಿನಲ್ಲಿಟ್ಟ ಕ್ಯಾಸೆಟ್ ಕಪಾಟಿನಲ್ಲೇ ಇರುತ್ತಿತ್ತು. 2014ರಲ್ಲಿ ಜಿಂದಗಿ ವಾಹಿನಿ ಅಂಥ ನಾಟಕಗಳನ್ನು ಮತ್ತೆ ತಂದಿತು, 2016ರಲ್ಲಿ ನಿಲ್ಲಿಸಿತು, 2020ರಲ್ಲಿ ಜೀ5 ಮೂಲಕ ಅವು ಡಬ್ಬಿಗೆ ಬಂದವು. 2025ರ ಮೇ ತಿಂಗಳಲ್ಲಿ, ಎರಡು ದೇಶಗಳ ನಡುವೆ ಕಾಳಗ ನಡೆದಾಗ, ಪಾಕಿಸ್ತಾನ ಮೂಲದ್ದೆಲ್ಲವನ್ನೂ ನಿಲ್ಲಿಸುವಂತೆ ಕೇಂದ್ರ ಸರ್ಕಾರ ಸೂಚನೆ ಕೊಟ್ಟಿತು. ಆ ನಿರ್ಧಾರದ ಸರಿತಪ್ಪನ್ನು ಇಲ್ಲಿ ಚರ್ಚಿಸುತ್ತಿಲ್ಲ. ಎಲ್ಲೋ ಒಂದು ಕಡೆ ಗುಂಡಿ ಒತ್ತಿದರೆ ಲಕ್ಷಾಂತರ ಮನೆಗಳ ಕಪಾಟುಗಳು ಒಟ್ಟಿಗೇ ಖಾಲಿಯಾಗಬಲ್ಲವು ಎಂಬುದಷ್ಟೇ ನನ್ನ ಮಾತು.

ಕನ್ನಡದ ಕಥೆ ಇನ್ನೊಂದು ಬಗೆಯದು. ಇಲ್ಲಿ ತೆಗೆದುಹಾಕುವ ಪ್ರಶ್ನೆಯೇ ಬರುವುದಿಲ್ಲ, ಒಳಗೆ ಸೇರಿಸಿದರೆ ತಾನೆ! ರಕ್ಷಿತ್ ಶೆಟ್ಟಿಯವರ ಸಂಸ್ಥೆ ಅರ್ಪಿಸಿದ 'ಏಕಂ' ಎಂಬ ಏಳು ಕಥೆಗಳ ಸರಣಿಯನ್ನು ಯಾವ ದೊಡ್ಡ ಕಂಪನಿಯೂ ಕೊಳ್ಳಲಿಲ್ಲ. ಸಿದ್ಧವಾಗಿ ವರ್ಷಗಳು ಕಳೆದ ಮೇಲೆ 2024ರ ಜುಲೈಯಲ್ಲಿ ತಮ್ಮದೇ ಜಾಲತಾಣದಲ್ಲಿ ಅದನ್ನು ಬಿಡುಗಡೆ ಮಾಡಬೇಕಾಯಿತು. ಡಬ್ಬಿಯ ಮುಖಪುಟಕ್ಕೆ ಇಂಥದ್ದು ತಾನಾಗಿ ಬರುವುದಿಲ್ಲ. ಆ ಮುಖಪುಟದ ಸಾಲುಗಳಲ್ಲಿ ಮಾರಿಕೊಂಡ ಜಾಗವೂ ಇದೆ. ಮೇಲುಗಡೆಯ ದೊಡ್ಡ ಚಿತ್ರ ಎಷ್ಟೋ ವೇಳೆ ಜಾಹೀರಾತೇ. ಕನ್ನಡ ಕಥೆಯೊಂದನ್ನು ನೀವಾಗಿ ಹುಡುಕಲು ಹೊರಟರೆ ಇಂಗ್ಲಿಷ್ ಅಕ್ಷರಗಳ ಸಾಲಿನ ಮೇಲೆ ರಿಮೋಟಿನಲ್ಲಿ ಒಂದೊಂದೇ ಹೆಜ್ಜೆ ಇಡಬೇಕು. 'ಘಟಶ್ರಾದ್ಧ'ವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆಯುತ್ತೀರಿ? ಒಂದು 'ಎಚ್' ಹೆಚ್ಚುಕಡಿಮೆಯಾದರೆ ಯಂತ್ರ ನಿಮ್ಮ ಮುಂದೆ ಬೇರಾವುದೋ ಹಿಂದಿ ಸಿನಿಮಾವನ್ನು ತಂದಿಡುತ್ತದೆ.

ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಹೆಸರಿಲ್ಲದ ಡಬ್ಬಿಗಳ ಬಗ್ಗೆ ಎರಡು ಮಾತು. ಮೇಲೆ '4ಕೆ' ಎಂದು ಬರೆದಿದ್ದರೂ ವೈಡ್‌ವೈನ್ ಎಂಬ ಬೀಗದ ಮೇಲುದರ್ಜೆಯ ಪರವಾನಗಿ ಇಲ್ಲದಿದ್ದರೆ ದೊಡ್ಡ ಕಂಪನಿಗಳು ಅದಕ್ಕೆ ಮಸುಕು ಚಿತ್ರವನ್ನಷ್ಟೇ ಕಳಿಸುತ್ತವೆ. ಇಂಟರ್ನೆಟ್ ನಿಧಾನವೆಂದು ಕೇಬಲ್ಲಿನವನನ್ನು ಬೈದು ಪ್ರಯೋಜನವಿಲ್ಲ. 2023ರಲ್ಲಿ ಟಿ95 ಎಂಬ ಅಗ್ಗದ ಡಬ್ಬಿಯೊಳಗೆ ಮಾರಾಟಕ್ಕೆ ಮುಂಚೆಯೇ ಕಳ್ಳ ತಂತ್ರಾಂಶ ಸೇರಿದ್ದದ್ದು ಪತ್ತೆಯಾಯಿತು.

ಹೆಸರಿದ್ದವರೂ ಸುಭಗರೇನಲ್ಲ. ಅಮೆರಿಕದಲ್ಲಿ ವಿಜಿಯೋ ಕಂಪನಿ 1.1 ಕೋಟಿ ಟೀವಿಗಳಲ್ಲಿ ಜನ ಏನು ನೋಡುತ್ತಾರೆಂಬುದನ್ನು ಅವರ ಒಪ್ಪಿಗೆಯಿಲ್ಲದೆ ಸೆಕೆಂಡು ಸೆಕೆಂಡಿಗೂ ದಾಖಲಿಸಿ ಮಾರಿದ ಆರೋಪಕ್ಕೆ 2017ರಲ್ಲಿ 22 ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು. 'ಯಾರು ನೋಡುತ್ತಿದ್ದೀರಿ' ಎಂದು ಕೇಳುವುದು ಬರೀ ಸೌಜನ್ಯಕ್ಕಲ್ಲ ಎಂದಾಯಿತು. ಇಂಥ ಲೆಕ್ಕ ಇಡುವುದನ್ನು ತಕ್ಕಮಟ್ಟಿಗೆ ನಿಲ್ಲಿಸುವ ಗುಂಡಿ ಹಲವು ಡಬ್ಬಿಗಳಲ್ಲಿದೆ. 'ಸೆಟ್ಟಿಂಗ್ಸ್' ಒಳಗೆ ಹೋಗಿ 'ಪ್ರೈವೆಸಿ' ಎಂಬ ಮಾತು ಸಿಗುವವರೆಗೆ ಇಳಿಯುತ್ತಲೇ ಇರಬೇಕು. ಒಂದು ರಾತ್ರಿ, ಮೊಮ್ಮಗ ಮಲಗಿದ ಮೇಲೆ, ಪ್ರಯತ್ನಿಸಿ ನೋಡಿ.