ಪರಂಪರೆಯ ಮರುಓದು ಮತ್ತು ನವ್ಯತೆ: ಸ್ಪೇನಿನ 1927ರ ಕವಿಬಳಗ

ಕಾವ್ಯದಲ್ಲಿ ಹೊಸತು ಹುಟ್ಟುವುದು ಹಳೆಯದರ ನಿರಾಕರಣೆಯಿಂದ ಎಂಬ ಗ್ರಹಿಕೆ ನವ್ಯ ಚಳುವಳಿಗಳ ಚರ್ಚೆಯಲ್ಲಿ ಸಾಮಾನ್ಯವಾಗಿದೆ. ಅಂತರ್ಯುದ್ಧಕ್ಕೆ (1936-39) ಮುನ್ನ ಸ್ಪೇನಿನಲ್ಲಿ ರೂಪುಗೊಂಡ ಕವಿಬಳಗವೊಂದು ಈ ಗ್ರಹಿಕೆಯ ಮರುಪರಿಶೀಲನೆಯನ್ನು ಅಗತ್ಯವಾಗಿಸುತ್ತದೆ. 'ಇಪ್ಪತ್ತೇಳರ ಪೀಳಿಗೆ' ಎಂಬ ಅದರ ಹೆಸರಿನ ಮೂಲದಲ್ಲಿಯೇ ಪ್ರಾಚೀನ ಕವಿಯೊಬ್ಬನ ಸ್ಮರಣೆಯಿದೆ. 1627ರಲ್ಲಿ ತೀರಿಕೊಂಡ ಲೂಯಿಸ್ ದೆ ಗೊಂಗೊರಾನ ಮುನ್ನೂರನೆಯ ಪುಣ್ಯತಿಥಿಯ ವರ್ಷದಲ್ಲಿ, 1927ರ ಡಿಸೆಂಬರಿನಲ್ಲಿ, ಲೋರ್ಕಾ, ಆಲ್ಬೆರ್ತಿ, ಗಿಯೆನ್, ಹೆರಾರ್ದೊ ದಿಯೆಗೊ, ದಾಮಾಸೊ ಅಲೊನ್ಸೊ ಮೊದಲಾದವರು ಸೆವಿಲ್ಲೆಯಲ್ಲಿ ಸೇರಿದ್ದರು.

ಹತ್ತೊಂಬತ್ತನೆಯ ಶತಮಾನದ ವಿಮರ್ಶೆ ಗೊಂಗೊರಾನ 'ಸೊಲೆದಾದೆಸ್' ಕಾವ್ಯವನ್ನು ದುರ್ಬೋಧವೆಂದು ತಳ್ಳಿಹಾಕಿತ್ತು. ಲ್ಯಾಟಿನ್ನಿನ ಮಾದರಿಯಲ್ಲಿ ಪದಕ್ರಮವನ್ನು ಪಲ್ಲಟಗೊಳಿಸುವುದು ಅವನ ರೀತಿ. ಅಲೊನ್ಸೊ 1927ರಲ್ಲಿ ಆ ಕಾವ್ಯವನ್ನು ಗದ್ಯರೂಪದೊಂದಿಗೆ ಸಂಪಾದಿಸಿದನು. ಚಂಪೂಕಾವ್ಯಗಳನ್ನು ಅನ್ವಯ ಮಾಡಿಕೊಂಡು ಓದಿದವರಿಗೆ ಈ ಕ್ರಮ ಅಪರಿಚಿತವಲ್ಲ. ಅನ್ವಯವಾದೊಡನೆ ದುರ್ಬೋಧತೆಯೆನಿಸಿದ್ದುದು ನಿಖರತೆಯೆಂದು ತೋರುತ್ತದೆ. ರೂಪಕವೇ ಕಾವ್ಯದ ಪ್ರಾಣವೆಂದು ನಂಬಿದ ತರುಣರು ತಮ್ಮ ಪೂರ್ವಸೂರಿಯನ್ನು ಇಲ್ಲಿ ಕಂಡುಕೊಂಡರು.

ಇನ್ನೊಂದು ಆಕರ ಜನಪದದ್ದು. 1922ರಲ್ಲಿ ಗ್ರನಾಡಾದಲ್ಲಿ ನಡೆದ ಆಂಡಲೂಸಿಯಾದ ಸಾಂಪ್ರದಾಯಿಕ ಗಾಯನಸ್ಪರ್ಧೆಯ ಸಂಘಟನೆಯಲ್ಲಿ ಸಂಗೀತಕಾರ ಫಾಯ್ಯಾನೊಡನೆ ಲೋರ್ಕಾ ದುಡಿದಿದ್ದನು. 1928ರ ಅವನ 'ಜಿಪ್ಸಿ ಲಾವಣಿಗಳು' ಮಧ್ಯಯುಗದಿಂದ ಬಂದ ಛಂದಸ್ಸಿನಲ್ಲಿದೆ: ಎಂಟು ಅಕ್ಷರಗಳ ಸಾಲು, ಸಮಸಂಖ್ಯೆಯ ಸಾಲುಗಳ ಕೊನೆಯಲ್ಲಿ ಸ್ವರಪ್ರಾಸ. ಮ್ಯಾಡ್ರಿಡ್ಡಿನ ವಿದ್ಯಾರ್ಥಿನಿಲಯದ ಒಡನಾಡಿ, ಚಿತ್ರಕಾರ ದಾಲಿ ಅದೇ ವರ್ಷ ಬರೆದ ಪತ್ರದಲ್ಲಿ ಈ ಕೃತಿ ಹಳೆಯ ಕಾವ್ಯಕ್ಕೇ ಕಟ್ಟುಬಿದ್ದಿದೆಯೆಂದು ಆಕ್ಷೇಪಿಸಿದನು. ಈ ಆಕ್ಷೇಪವನ್ನು ಪೂರ್ಣವಾಗಿ ಒಪ್ಪಲಾಗದು. ಸ್ಪೇನಿನ ಹಳೆಯ ಲಾವಣಿಗಳು ಅನೇಕವೇಳೆ ಘಟನೆಯ ನಡುವೆ ಆರಂಭವಾಗಿ, ಫಲವನ್ನು ಹೇಳದೆಯೇ ನಿಲ್ಲುತ್ತವೆ. ಲೋರ್ಕಾನ ನಿದ್ರಾಚಾರಿಯ ಲಾವಣಿಯಲ್ಲಿಯೂ ಗಾಯಗೊಂಡು ಬಂದ ತರುಣನ ಪೂರ್ವಕಥೆಯಾಗಲಿ, ಹುಡುಗಿಯ ಸಾವಿನ ಬಗೆಯಾಗಲಿ ತಿಳಿಯುವುದಿಲ್ಲ. ಆಧುನಿಕವೆಂದು ನಾವು ಮೆಚ್ಚುವ ಅಪೂರ್ಣತೆ ಮಧ್ಯಯುಗದ ಕೊಡುಗೆಯೂ ಹೌದು.

ಆದರೆ ಪರಂಪರೆಯನ್ನು ಆಯುವವರೇ ಕೆಲವರನ್ನು ಹೊರಗಿಡುವರೆಂಬುದನ್ನು ಮರೆಯಲಾಗದು. ದಿಯೆಗೊನ 1932ರ ಕಾವ್ಯಸಂಕಲನದಲ್ಲಿ ಒಬ್ಬ ಕವಯಿತ್ರಿಯೂ ಇರಲಿಲ್ಲ. 1934ರ ಆವೃತ್ತಿಯಲ್ಲಿ ಎರ್ನೆಸ್ತಿನಾ ದೆ ಚಾಂಪೂರ್ಸಿನ್ ಮತ್ತು ಹೊಸೆಫಿನಾ ದೆ ಲಾ ತೊರ್ರೆ ಸೇರಿದರು; ಕೊಂಚಾ ಮೆಂದೆಸ್ ಆಗಲೂ ಹೊರಗೇ ಉಳಿದಳು. ಗೊಂಗೊರಾನಿಗೆ ದೊರೆತ ನ್ಯಾಯ ಸಮಕಾಲೀನ ಸ್ತ್ರೀಯರಿಗೆ ಅಷ್ಟು ಸುಲಭವಾಗಿ ದೊರೆಯಲಿಲ್ಲ.

1936ರ ಆಗಸ್ಟಿನಲ್ಲಿ ಲೋರ್ಕಾನ ಹತ್ಯೆಯಾಯಿತು. ಸಲಿನಾಸ್, ಸೆರ್ನೂದಾ ಪರದೇಶದಲ್ಲಿಯೇ ತೀರಿಕೊಂಡರು. ಆಲ್ಬೆರ್ತಿ ಮರಳಿದ್ದು 1977ರಲ್ಲಿ. ಅಲೊನ್ಸೊ, ದಿಯೆಗೊ, ಅಲೆಯ್ಕ್ಸಾಂದ್ರೆ ಸ್ಪೇನಿನಲ್ಲಿ ಉಳಿದರು. ಈ ದುರಂತದ ಬೆಳಕಿನಲ್ಲಿಯೇ ಬಳಗವನ್ನು ಓದುವ ರೂಢಿ ಬೆಳೆದಿದೆ. ಅದು ಸಹಜವಾದರೂ ಸಾಲದು. ಅವರ ನವ್ಯತೆಯ ಮೌಲ್ಯಮಾಪನಕ್ಕೆ ಗೊಂಗೊರಾನನ್ನೂ ಹಳೆಯ ಲಾವಣಿಗಳನ್ನೂ ಓದಬೇಕಾಗುತ್ತದೆ. ಪ್ರಾಚೀನ ಸಾಹಿತ್ಯದ ಅಧ್ಯಯನ ಆಧುನಿಕ ವಿಮರ್ಶೆಗೆ ಹೊರತಾದುದಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿರಳ.