ಹೊಸ ಲಾರಿಗೆ ತುಕ್ಕು: ಪಾಠ ಹೇಳಿದ್ದು, ಹೇಳದೆ ಬಿಟ್ಟದ್ದು

ಕಬ್ಬಿಣಕ್ಕೆ ತುಕ್ಕು ಹಿಡಿಯಲು ಗಾಳಿ ಮತ್ತು ನೀರು ಎರಡೂ ಬೇಕು. ಹತ್ತನೆಯ ತರಗತಿಯ ವಿಜ್ಞಾನ ಓದಿದ ಎಲ್ಲರಿಗೂ ಇದು ಗೊತ್ತು. ಮೂರು ಪ್ರನಾಳಗಳ ಆ ಪ್ರಯೋಗವನ್ನು ನೀವೂ ಮಾಡಿಸಿರುತ್ತೀರಿ. ಮೊದಲನೆಯದರಲ್ಲಿ ಮೊಳೆ, ನೀರು, ಗಾಳಿ. ಎರಡನೆಯದರಲ್ಲಿ ಕುದಿಸಿದ ನೀರು, ಅದರ ಮೇಲೆ ಎಣ್ಣೆಯ ಪದರ. ಮೂರನೆಯದರಲ್ಲಿ ತೇವವನ್ನು ಹೀರಿಕೊಳ್ಳುವ ಜಲರಹಿತ ಕ್ಯಾಲ್ಸಿಯಂ ಕ್ಲೋರೈಡ್. ಕೆಲವು ದಿನಗಳ ನಂತರ ಮೊದಲನೆಯ ಪ್ರನಾಳದ ಮೊಳೆಗೆ ಮಾತ್ರ ತುಕ್ಕು. ಆದ್ದರಿಂದ ಬಣ್ಣ ಬಳಿಯಿರಿ, ಎಣ್ಣೆ ಸವರಿರಿ, ಸತುವಿನ ಲೇಪನ ಕೊಡಿ ಎಂದು ಪಾಠ ಮುಗಿಯುತ್ತದೆ.

ಹುಬ್ಬಳ್ಳಿಯ ಕಮರಿಪೇಟೆಯ ಶಾಲೆಯೊಂದರಲ್ಲಿ ನೀವು ಈ ಪಾಠ ಮಾಡುತ್ತಿದ್ದೀರಿ ಎಂದುಕೊಳ್ಳಿ. ಸಾಲ ಮಾಡಿ ಹೊಸ ಲಾರಿ ಕೊಂಡ ಮನೆಯ ಹುಡುಗನೊಬ್ಬ ಎದ್ದು ನಿಂತು, 'ಸರ, ನಮ್ಮ ಹೊಸಾ ಲಾರಿಗೆ ತುಕ್ಕು ಹಿಡೀಬಾರ್ದಂದ್ರ ಏನ್ ಹಚ್ಚಬೇಕ್ರಿ?' ಎಂದು ಕೇಳುತ್ತಾನೆ. ಪಾಠದಲ್ಲಿರುವ ಉತ್ತರ ಇಲ್ಲಿ ಸಾಲದು. ಅದು ತಪ್ಪಲ್ಲ, ಅರ್ಧ ಮಾತ್ರ. ಉಳಿದ ಅರ್ಧ ತಿಳಿಯದಿದ್ದರೆ ಆ ಮನೆಯವರು ದುಡ್ಡು ಕೊಟ್ಟು ತುಕ್ಕನ್ನು ಬೇಗ ಬರಮಾಡಿಕೊಳ್ಳುವ ಸಂಭವವೂ ಉಂಟು. ಈ ಲೇಖನದಲ್ಲಿ ಪಾಠ, ಪರದೇಶದಿಂದ ಬಂದ ಸಲಹೆ ಮತ್ತು ಮಾರುಕಟ್ಟೆಯ ಪರಿಹಾರ ಮೂರನ್ನೂ ಪರಿಶೀಲಿಸೋಣ.

ತಪ್ಪಿತಸ್ಥ ಚಳಿಯಲ್ಲ

ಹೊಸ ವಾಹನದ ತುಕ್ಕುರಕ್ಷೆಯ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಕೆನಡ, ಅಮೆರಿಕದ ಉತ್ತರ ರಾಜ್ಯಗಳಂತಹ ಹಿಮ ಬೀಳುವ ನಾಡುಗಳಿಂದ ಬಂದವು. 'ಚಳಿಗಾಲಕ್ಕೆ ಮುನ್ನ ವಾಹನದ ತಳಭಾಗಕ್ಕೆ ಲೇಪನ ಮಾಡಿಸಿ' ಎನ್ನುವುದು ಅವುಗಳ ಸಾರ. ಇದನ್ನು ಓದಿದವರು ಚಳಿಯೇ ತುಕ್ಕಿಗೆ ಕಾರಣವೆಂದು ಭಾವಿಸುವುದು ಸಹಜ. ಆದರೆ ಉಷ್ಣತೆ ಇಳಿದಂತೆ ರಾಸಾಯನಿಕ ಕ್ರಿಯೆಗಳ ವೇಗ ತಗ್ಗುತ್ತದೆ. ಚಳಿ ತುಕ್ಕನ್ನು ನಿಧಾನಗೊಳಿಸಬೇಕೇ ಹೊರತು ಹೆಚ್ಚಿಸಬಾರದು.

ಅಲ್ಲಿನ ತಪ್ಪಿತಸ್ಥ ಉಪ್ಪು. ರಸ್ತೆಯ ಮೇಲಿನ ಹಿಮ ಕರಗಲೆಂದು ಉಪ್ಪು ಎರಚುತ್ತಾರೆ. ಶುದ್ಧ ನೀರು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಿದರೆ, ತೂಕದಲ್ಲಿ ಸುಮಾರು 23% ಅಡುಗೆ ಉಪ್ಪಿರುವ ದ್ರಾವಣ ಸುಮಾರು –21 ಡಿಗ್ರಿಯವರೆಗೂ ದ್ರವವಾಗಿಯೇ ಇರಬಲ್ಲದು. ಇನ್ನೂ ಹೆಚ್ಚು ಚಳಿ ಇದ್ದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಮೆಗ್ನೀಸಿಯಂ ಕ್ಲೋರೈಡ್ ಬಳಸುತ್ತಾರೆ. ಗಟ್ಟಿಯಾಗಿ ಸುಮ್ಮನಿರಬೇಕಾದ ನೀರು ಉಪ್ಪುನೀರಾಗಿ ಚಕ್ರದಿಂದ ಚಿಮ್ಮಿ ಲಾರಿಯ ತಳಕ್ಕೆ ಅಂಟುತ್ತದೆ.

ಇಲ್ಲೊಂದು ಸ್ವಾರಸ್ಯವನ್ನು ಗಮನಿಸಿ. ನಮ್ಮ ಮೂರನೆಯ ಪ್ರನಾಳದಲ್ಲಿ ಮೊಳೆಯನ್ನು ಕಾಪಾಡಿದ್ದೂ ಕ್ಯಾಲ್ಸಿಯಂ ಕ್ಲೋರೈಡೇ! ಒಂದೇ ವಸ್ತು ಅಲ್ಲಿ ರಕ್ಷಕ, ಇಲ್ಲಿ ಭಕ್ಷಕ. ಮುಚ್ಚಿದ ಪ್ರನಾಳದಲ್ಲಿ ತೇವ ಅಲ್ಪ; ಅದು ಲವಣದಲ್ಲಿ ಸೇರಿಹೋಗಿ ಮೊಳೆ ಒಣಗಿರುತ್ತದೆ. ತೆರೆದ ಗಾಳಿಯಲ್ಲಿ ತೇವಕ್ಕೆ ಕೊನೆಯಿಲ್ಲ. ಲವಣ ಅದನ್ನು ಹೀರುತ್ತಾ ತಾನೇ ಕರಗಿ, ಉಕ್ಕಿನ ಮೇಲೆ ಆರದ ದ್ರಾವಣದ ಪದರವಾಗುತ್ತದೆ. ತುಕ್ಕಿನ ಪಾಠದಲ್ಲಿ ಕೇಳಲೇಬೇಕಾದ ಈ ಪ್ರಶ್ನೆಯನ್ನು ಪಾಠ ಕೇಳುವುದಿಲ್ಲ.

ನಮ್ಮ ಉಪ್ಪಿನ ದಾರಿ

ಹುಬ್ಬಳ್ಳಿಯಲ್ಲಿ ಹಿಮವಿಲ್ಲ, ರಸ್ತೆಗೆ ಉಪ್ಪು ಎರಚುವವರೂ ಇಲ್ಲ. ಆದರೆ ಇಲ್ಲಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟದ ಮೂಲಕ ಅಂಕೋಲೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 52 (ಹಿಂದಿನ 63) ಲಾರಿಯನ್ನು ಒಂದೇ ದಿನದಲ್ಲಿ ಒಣನಾಡಿನಿಂದ ಕಡಲತೀರಕ್ಕೆ ಒಯ್ಯುತ್ತದೆ. ಕಾರವಾರ, ಅಂಕೋಲೆಗಳ ಮೀನಿನ ಗಾಡಿಯಿಂದ ಸೋರುವ ನೀರು, ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪು, ಗೊಬ್ಬರದ ಚೀಲದಿಂದ ಉದುರುವ ಪೊಟ್ಯಾಷ್ ಎಲ್ಲವೂ ಕ್ಲೋರೈಡ್ ಲವಣಗಳೇ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತಿನ ಅದಿರು ಸಾಗಣೆಯನ್ನು ತಡೆಯುವವರೆಗೆ ಬಳ್ಳಾರಿ–ಹೊಸಪೇಟೆಯ ಕಬ್ಬಿಣದ ಅದಿರು ಬೇಲೆಕೇರಿ ಬಂದರಿಗೆ ಈ ಘಟ್ಟ ಇಳಿದೇ ಹೋಗುತ್ತಿತ್ತು. ಅದಿರೂ ತುಕ್ಕೂ ಮೂಲತಃ ಕಬ್ಬಿಣದ ಆಕ್ಸೈಡುಗಳು. ಕುಲುಮೆಯಲ್ಲಿ ಶಕ್ತಿ ವ್ಯಯಿಸಿ ಆಕ್ಸಿಜನ್ನಿನಿಂದ ಬಿಡಿಸಿದ ಕಬ್ಬಿಣ ಮತ್ತೆ ಅದಿರಿನ ಸ್ಥಿತಿಗೆ ಮರಳುವುದೇ ತುಕ್ಕು.

ಲಾರಿ ಹುಬ್ಬಳ್ಳಿಗೆ ಹಿಂತಿರುಗಿದರೆ ಅಪಾಯ ತಪ್ಪಿತೇ? ಇಲ್ಲ. ಶುದ್ಧ ಅಡುಗೆ ಉಪ್ಪು ಗಾಳಿಯ ತೇವವನ್ನು ಹೀರಿ ಕರಗಲು ಸಾಪೇಕ್ಷ ಆರ್ದ್ರತೆ ಸುಮಾರು 75% ಇರಬೇಕು. ಆದರೆ ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಸುಮಾರು 33% ಸಾಕು. ಕರಾವಳಿಯಿಂದ ತಂದ ಲವಣ ಒಣ ಊರಿನಲ್ಲಿಯೂ ಕೆಲಸ ಮುಂದುವರಿಸುತ್ತದೆ. ಜೊತೆಗೆ ಎರೆಮಣ್ಣಿನ ಕೆಸರು. ನೀರನ್ನು ಬಿಗಿಯಾಗಿ ಹಿಡಿದಿಡುವ ಈ ಜೇಡಿಮಣ್ಣು ಚಾಸಿಯ ಮೂಲೆಗಳಲ್ಲಿ ಮೆತ್ತಿಕೊಂಡು ಹಸಿ ಪಟ್ಟಿಯಂತೆ ಕೂರುತ್ತದೆ. ಆದ್ದರಿಂದ ನಮ್ಮಲ್ಲಿ ಕಠಿಣ ಕಾಲವೆಂದರೆ ಚಳಿಗಾಲವಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ. ನಮ್ಮ ಒಣ ಚಳಿಗಾಲ ದುರಸ್ತಿಗೆ ಹೇಳಿಮಾಡಿಸಿದ ಕಾಲ.

ಗಾಳಿ ಕಡಿಮೆ ಇದ್ದಲ್ಲಿ ತುಕ್ಕು ಹೆಚ್ಚು!

ಪಾಠದ ದೊಡ್ಡ ಕೊರತೆ ಇನ್ನೊಂದಿದೆ. ಗಾಳಿ ಬೇಕು ಎಂದಷ್ಟೇ ಕಲಿತ ವಿದ್ಯಾರ್ಥಿ ಗಾಳಿ ತಗಲದ ಸಂದಿ ಸುರಕ್ಷಿತ ಎಂದು ತರ್ಕಿಸುತ್ತಾನೆ. ಲಾರಿಯಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ.

ತುಕ್ಕು ಹಿಡಿಯುವ ಉಕ್ಕು ಒಂದು ಪುಟ್ಟ ವಿದ್ಯುತ್ಕೋಶ. ಆನೋಡ್ ಆದ ಭಾಗದಲ್ಲಿ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟು ಅಯಾನುಗಳಾಗಿ ದ್ರಾವಣಕ್ಕಿಳಿಯುತ್ತವೆ. ಆ ಎಲೆಕ್ಟ್ರಾನುಗಳು ಲೋಹದ ಮೂಲಕ ಕ್ಯಾಥೋಡ್ ಆದ ಭಾಗಕ್ಕೆ ಹೋಗಿ, ಅಲ್ಲಿ ಆಕ್ಸಿಜನ್ ಮತ್ತು ನೀರಿನೊಡನೆ ಸೇರಿ ಹೈಡ್ರಾಕ್ಸೈಡ್ ಅಯಾನುಗಳಾಗುತ್ತವೆ. ಆಕ್ಸಿಜನ್ ಹೆಚ್ಚಿರುವ ಭಾಗ ಕ್ಯಾಥೋಡ್, ಕಡಿಮೆ ಇರುವ ಭಾಗ ಆನೋಡ್. ಸವೆಯುವುದು ಆನೋಡ್! ಕೇಂಬ್ರಿಜ್‌ನ ಯು. ಆರ್. ಇವಾನ್ಸ್ 1920ರ ದಶಕದಲ್ಲಿ ಇದನ್ನು ಒಂದು ಉಪ್ಪುನೀರಿನ ಹನಿಯಿಂದಲೇ ತೋರಿಸಿದರು. ಉಕ್ಕಿನ ತಗಡಿನ ಮೇಲಿಟ್ಟ ಹನಿಯ ಅಂಚಿಗೆ ಗಾಳಿ ಚೆನ್ನಾಗಿ ಸಿಗುತ್ತದೆ, ನಡುವಿಗೆ ಸಿಗುವುದು ಕಡಿಮೆ. ಲೋಹ ಕೊರೆದುಹೋಗುವುದು ನಡುವಿನಲ್ಲಿ.

ಕೆಸರಿನ ಅಡಿ, ಎರಡು ತಗಡುಗಳ ನಡುವಿನ ಸಂದಿ, ಬೋಲ್ಟಿನ ತಲೆಯ ಕೆಳಗೆ, ಸಡಿಲಗೊಂಡ ಬಣ್ಣದ ಒಳಗೆ ಲಾರಿ ಕೊರೆಯುವುದು ಇದರಿಂದಲೇ. ಉಪ್ಪು ಈ ಕೋಶದ ವಾಹಕ, ಅದು ಇಂಧನವಲ್ಲ. ದ್ರಾವಣದ ವಿದ್ಯುದ್ವಾಹಕತೆಯನ್ನು ಹೆಚ್ಚಿಸಿ, ರಕ್ಷಕ ಪದರವನ್ನು ಒಡೆದು ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಮೇಲಾಗಿ ತುಕ್ಕಿನ ಗಾತ್ರ ಅದು ಹುಟ್ಟಿದ ಕಬ್ಬಿಣದ ಹಲವು ಪಟ್ಟು. ಸಂದಿಯಲ್ಲಿ ಹುಟ್ಟಿದ ತುಕ್ಕು ತಗಡುಗಳನ್ನು ಬೆಣೆಯಂತೆ ಸೀಳಿ, ಇನ್ನಷ್ಟು ನೀರಿಗೆ ದಾರಿ ಮಾಡುತ್ತದೆ.

ಮಾರುಕಟ್ಟೆಯ ಪರಿಹಾರಗಳು

ಈಗ ಲೇಪನಗಳನ್ನು ಪರೀಕ್ಷಿಸೋಣ. ಡಾಂಬರು ಅಥವಾ ರಬ್ಬರಿನಂತಹ ದಪ್ಪ ಕಪ್ಪು ಲೇಪನ ಕಲ್ಲಿನ ಏಟು ತಡೆಯುತ್ತದೆ, ನೋಡಲೂ ಭದ್ರವೆನಿಸುತ್ತದೆ. ಶುಚಿಯಾದ, ಒಣಗಿದ ಹೊಸ ಉಕ್ಕಿಗೆ ಹಚ್ಚಿದರೆ ಉಪಯುಕ್ತವೇ. ಆದರೆ ತೇವ ಅಥವಾ ಕೆಸರಿನ ಮೇಲೆ ಹಚ್ಚಿದರೆ, ಇಲ್ಲವೆ ವರ್ಷಗಳ ನಂತರ ಬಿರಿದರೆ, ಅದರ ಹಿಂದೆ ನೀರು ಸೇರಿ ಇವಾನ್ಸರ ಹನಿಯೇ ದೊಡ್ಡದಾಗಿ ಸಿದ್ಧವಾಗುತ್ತದೆ. ಮೇಲಿನಿಂದ ಏನೂ ಕಾಣದು. ಮೇಣ ಅಥವಾ ಎಣ್ಣೆ ಆಧಾರಿತ ಲೇಪನ ಮೆತ್ತಗಿರುವುದರಿಂದ ಸಂದಿಗಳಿಗೆ ಹರಿಯಬಲ್ಲದು, ಆದರೆ ತೊಳೆದುಹೋಗುತ್ತದೆ. ಕಾಲಕಾಲಕ್ಕೆ ಮತ್ತೆ ಹಚ್ಚಬೇಕು.

ಹಳೆಯ ಎಂಜಿನ್ ಆಯಿಲ್ ಸಿಂಪಡಿಸುವ ರೂಢಿಯೂ ಇದೆ. ಅದರಲ್ಲಿ ಇಂಧನ ಉರಿದು ಉಳಿದ ಆಮ್ಲಾಂಶವಿರುತ್ತದೆ. ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತದೆ, ಬ್ರೇಕಿನ ಲೈನಿಂಗಿಗೆ ತಗುಲಿದರೆ ಜೀವಕ್ಕೇ ಅಪಾಯ, ಸೋರಿದರೆ ನೆಲ ಕೆಡುತ್ತದೆ. ಅಗ್ಗವೆಂಬುದೊಂದೇ ಅದರ ಗುಣ.

ಬ್ಯಾಟರಿಗೆ ಜೋಡಿಸುವ 'ಎಲೆಕ್ಟ್ರಾನಿಕ್ ತುಕ್ಕುನಿರೋಧಕ'ಗಳ ಹಿಂದೆ ಒಂದು ನಿಜವಾದ ತತ್ತ್ವವಿದೆ. 1824ರಲ್ಲಿಯೇ ಹಂಫ್ರಿ ಡೇವಿ ಹಡಗಿನ ತಾಮ್ರದ ಹೊದಿಕೆಯನ್ನು ಸತು ಮತ್ತು ಕಬ್ಬಿಣದ ತುಂಡುಗಳಿಂದ ರಕ್ಷಿಸುವ ವಿಧಾನವನ್ನು ವಿವರಿಸಿದ್ದರು. ಆದರೆ ಹಡಗು ಸಮುದ್ರದಲ್ಲಿ, ಕೊಳವೆ ನೆಲದಲ್ಲಿ ಮುಳುಗಿರುತ್ತದೆ. ವಿದ್ಯುತ್ ಪರಿಪಥ ಪೂರ್ಣಗೊಳ್ಳುತ್ತದೆ. ಗಾಳಿಯಲ್ಲಿ ನಿಂತ ಲಾರಿಯ ಸುತ್ತ ಅಂತಹ ನಿರಂತರ ದ್ರಾವಣವಿಲ್ಲ. 1990ರ ದಶಕದಲ್ಲಿ ಇಂತಹ ಒಂದು ಉಪಕರಣದ ಪ್ರಚಾರದ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಕೈಗೊಂಡಿತ್ತು. ಸತುವಿನ ಲೇಪನದ ಮಾತು ಬೇರೆ. ಸತುವಿನ ಪ್ರಮಾಣಿತ ವಿಭವ –0.76 ವೋಲ್ಟ್, ಕಬ್ಬಿಣದ್ದು –0.44. ಗೀರು ಬಿದ್ದರೂ ಸತುವು ತಾನು ಸವೆದು ಪಕ್ಕದ ಉಕ್ಕನ್ನು ಉಳಿಸುತ್ತದೆ. ಬಣ್ಣಕ್ಕೆ ಈ ಗುಣವಿಲ್ಲ.

ಒಂದು ಸರಳ ಲೆಕ್ಕ ಮಾಡಿ. ಬಣ್ಣವಿಲ್ಲದ ಉಕ್ಕು ಮಧ್ಯಮ ವಾತಾವರಣದಲ್ಲಿ ಮೊದಲ ವರ್ಷ 25ರಿಂದ 50 ಮೈಕ್ರಾನ್ ಸವೆಯುತ್ತದೆಂದು ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ. ಅತಿ ಉಗ್ರ ವಾತಾವರಣದಲ್ಲಿ 80ರಿಂದ 200. ಅದೇ ವೇಗ ಮುಂದುವರಿಯುತ್ತದೆಂದು ಭಾವಿಸಿದರೆ, 1 ಮಿ.ಮೀ. ತಗಡು ಎರಡೂ ಬದಿಯಿಂದ ವರ್ಷಕ್ಕೆ 50 ಮೈಕ್ರಾನ್ ಸವೆದು 10 ವರ್ಷದಲ್ಲಿ ಮುಗಿಯುತ್ತದೆ. 200 ಆದರೆ ಎರಡೂವರೆ ವರ್ಷ. ತುಕ್ಕು ಎಲ್ಲೆಡೆ ಸಮನಾಗಿ ತಿನ್ನದೆ ಗುಳಿ ತೋಡುವುದರಿಂದ ತೂತು ಇನ್ನೂ ಬೇಗ ಬೀಳುತ್ತದೆ.

ಹಾಗಾದರೆ ಏನು ಮಾಡಬೇಕು?

'ಏನು ಹಚ್ಚಬೇಕು' ಎನ್ನುವುದಕ್ಕಿಂತ 'ಎಲ್ಲಿ ನೀರು ನಿಲ್ಲುತ್ತದೆ' ಎನ್ನುವುದು ಮೊದಲ ಪ್ರಶ್ನೆಯಾಗಲಿ. ಕಂಪನಿ ಕೊಟ್ಟ ಚಾಸಿಯ ಮೇಲೆ ಬಾಡಿ ಕಟ್ಟಿಸುವಾಗ ಕೊರೆದ ತೂತು, ಬೆಸುಗೆಯ ಕಿಡಿಗೆ ಸುಟ್ಟ ಬಣ್ಣ ಇವೇ ಹೊಸ ಲಾರಿಯ ಮೊದಲ ಗಾಯಗಳು. ಅಂದೇ ಉಜ್ಜಿ, ಸತುವಿರುವ ಪ್ರೈಮರ್ ಹಚ್ಚಿಸಬೇಕು. ನೀರು ಹೊರಹೋಗುವ ತೂತುಗಳನ್ನು ಯಾವ ಲೇಪನದಿಂದಲೂ ಮುಚ್ಚಬಾರದು. ಘಟ್ಟ ಇಳಿದು ಬಂದ ಮೇಲೆ, ಉಪ್ಪು, ಮೀನು, ಗೊಬ್ಬರ ಇಳಿಸಿದ ಮೇಲೆ ತಳಭಾಗವನ್ನು ಸಿಹಿನೀರಿನಿಂದ ತೊಳೆದು, ಒಣಗಲು ಬಿಡಬೇಕು. ಬ್ರೇಕಿನ ಗಾಳಿಯ ಟ್ಯಾಂಕಿನಲ್ಲಿ ಸೇರುವ ನೀರನ್ನು ದಿನವೂ ಹೊರಬಿಡಬೇಕು. ಮಳೆಗಾಲ ಮುಗಿದು ಹವೆ ಒಣಗಿದಾಗ ಪರೀಕ್ಷೆ, ದುರಸ್ತಿ; ಮೇ ತಿಂಗಳೊಳಗೆ ಸಂದಿಗಳಿಗೆ ಮೇಣದ ಲೇಪನ. ಇದರಲ್ಲಿ ಹೆಚ್ಚು ಖರ್ಚಿನದೇನೂ ಇಲ್ಲ. ಬೇಕಾದದ್ದು ನೀರು, ಕುಂಚ ಮತ್ತು ತಪ್ಪದ ಗಮನ.

ಶಿಕ್ಷಕರಲ್ಲಿ ಒಂದು ವಿನಂತಿ. ಮೂರು ಪ್ರನಾಳಗಳ ಜೊತೆಗೆ ಇನ್ನೆರಡನ್ನು ಇಡಿ. ನಾಲ್ಕನೆಯದರಲ್ಲಿ ಮೊಳೆ ಮತ್ತು ಸುಮಾರು 3% ಉಪ್ಪುನೀರು. ಐದನೆಯದರಲ್ಲಿ ಅದೇ ಉಪ್ಪುನೀರನ್ನು ಕುದಿಸಿ, ಮೇಲೆ ಎಣ್ಣೆ. ನಾಲ್ಕನೆಯದರಲ್ಲಿ ತುಕ್ಕು ಬೇಗ ಬರುತ್ತದೆ, ಐದನೆಯದರಲ್ಲಿ ಬರುವುದು ಅತ್ಯಲ್ಪ. ಉಪ್ಪು ಆಕ್ಸಿಜನ್ನಿನ ಸ್ಥಾನ ತುಂಬಲಾರದೆಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಉಪ್ಪನ್ನು ಅತಿಯಾಗಿ ಹಾಕಿದ ಗುಂಪಿಗೆ ತುಕ್ಕು ಕಡಿಮೆ ಕಂಡರೆ ಗದರಿಸಬೇಡಿ. ಗಾಢ ಉಪ್ಪುನೀರಿನಲ್ಲಿ ಆಕ್ಸಿಜನ್ ಕರಗುವುದು ಕಡಿಮೆ, ಅವರು ನೋಡಿದ್ದು ಸರಿ. ನಂತರ ಉಜ್ಜಿದ ತಗಡಿನ ಮೇಲೆ ಫಿನಾಫ್ತಲೀನ್ ಮತ್ತು ಪೊಟ್ಯಾಸಿಯಂ ಫೆರಿಸೈನೈಡ್ ಬೆರೆಸಿದ ಉಪ್ಪುನೀರಿನ ಹನಿ ಇಡಿ (ಆಮ್ಲ ತಾಗಿಸಬೇಡಿ, ಕಾಯಿಸಬೇಡಿ). ಸ್ವಲ್ಪ ಹೊತ್ತಿಗೆ ಅಂಚು ಗುಲಾಬಿ, ನಡು ನೀಲಿಯಾಗುತ್ತದೆ. ಲಾರಿಯ ತಳದಲ್ಲಿ ಕಣ್ಣಿಗೆ ಕಾಣದಂತೆ ನಡೆಯುವುದು ಆ ಒಂದು ಹನಿಯಲ್ಲಿ ತರಗತಿಗೆಲ್ಲ ಕಾಣುತ್ತದೆ.