ಬಣ್ಣ ಕಳಚಲು ಬಿಡದ ಮೇಷ್ಟ್ರು

ರೆಸ್ಟೋರೆಂಟಿನಲ್ಲಿ ಒಬ್ಬ ಗಂಡಸು, ಒಬ್ಬಳು ಹೆಂಗಸು ಎದುರುಬದುರು ಕೂತಿದ್ದಾರೆ. ಮೊದಲ ಭೇಟಿಯ ಮುಜುಗರ, ತಡವರಿಸುವ ಮಾತು. ಕೆಲವು ಪುಟ ದಾಟಿದ ಮೇಲೆ ಗೊತ್ತಾಗುತ್ತದೆ: ಡೆನಿಸ್ ಮತ್ತು ರೋಸಿ ಮದುವೆಯಾಗಿ ನಾಲ್ಕು ವರ್ಷವಾದ ದಂಪತಿ, ಬೇಸರ ಕಳೆಯಲು ಅಪರಿಚಿತರಂತೆ ನಟಿಸುತ್ತಿದ್ದರು. ಅಮೆರಿಕದ ನಿಕ್ ಡರ್ನಾಸೊ 2022ರಲ್ಲಿ ತಂದ ‘ಆಕ್ಟಿಂಗ್ ಕ್ಲಾಸ್’ ಎಂಬ ಚಿತ್ರಕಾದಂಬರಿ ಶುರುವಾಗುವುದೇ ಓದುಗನನ್ನು ಹೀಗೆ ನಂಬಿಸಿ.

ಜಾನ್ ಸ್ಮಿತ್ ಎಂಬಾತನ ನಟನೆಯ ತರಗತಿಗೆ ಹತ್ತು ಜನ ಬರುತ್ತಾರೆ. ಯಾರಿಗೂ ನಟರಾಗುವ ಹಂಬಲವಿಲ್ಲ; ಬದುಕು ಸ್ವಲ್ಪ ಬದಲಾದರೆ ಸಾಕು. ಒಂಟಿ ತಾಯಿ ಒಬ್ಬಳು, ಜೈಲಿನಿಂದ ಹೊರಬಂದವನೊಬ್ಬ, ಚಿತ್ರಕಲಾ ತರಗತಿಗಳಲ್ಲಿ ಮಾಡೆಲ್ ಆಗಿ ನಿಲ್ಲುವವನೊಬ್ಬ. ನನ್ನನ್ನು ಹೆಚ್ಚು ಕಲಕಿದ್ದು ಗ್ಲೋರಿಯಾ. ಮೊಮ್ಮಗಳು ಬೆತ್ ಬಗ್ಗೆ ಅಜ್ಜಿಗೆ ಚಿಂತೆ. ಆ ಚಿಂತೆಯೇ ಇಬ್ಬರನ್ನೂ ಆ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

ಜಾನ್ ಒಂದು ಸನ್ನಿವೇಶ ಕೊಡುತ್ತಾನೆ, ಅವರು ಅಭಿನಯಿಸುತ್ತಾರೆ. ಅಷ್ಟರಲ್ಲಿ ಚೌಕಟ್ಟಿನೊಳಗೆ ತರಗತಿಯ ಗೋಡೆ ಮಾಯವಾಗಿ, ಅವರು ಕಲ್ಪಿಸಿಕೊಂಡ ಜಾಗವೇ ಎದ್ದು ನಿಂತಿರುತ್ತದೆ. ಬಣ್ಣ ಬದಲಾಗದು, ಗೆರೆ ನಡುಗದು, ‘ಇದು ಬರೀ ಕಲ್ಪನೆ’ ಎನ್ನುವ ಯಾವ ಗುರುತೂ ಇಲ್ಲ. ನಮ್ಮ ರಂಗಭೂಮಿಯಲ್ಲಿ ಪರಕಾಯ ಪ್ರವೇಶ ಮಾಡಿದವನೂ ಆಟ ಮುಗಿದ ಮೇಲೆ ಬಣ್ಣ ಕಳಚಿ ಮನೆಗೆ ಹೋಗುತ್ತಾನೆ. ಇಲ್ಲಿ ಆಟ ಮುಗಿಯಿತೆಂದು ಯಾರೂ ಹೇಳುವುದಿಲ್ಲ. ದೆವ್ವವಿಲ್ಲದ ಈ ಪುಸ್ತಕದ ಭಯವೆಲ್ಲ ಅಲ್ಲಿದೆ.

ಬದುಕು ಬದಲಿಸುವ ಆಸೆ ತೋರಿಸಿ ಜನರನ್ನು ಹಿಡಿದಿಡುವ ಇಂಥ ಗುರು ಬರೀ ಕಥೆಗಾರನ ಕಲ್ಪನೆಯಲ್ಲ. ನ್ಯೂಯಾರ್ಕ್ ರಾಜ್ಯದ ‘ನೆಕ್ಸಿಯಂ’ ಎಂಬ ಸಂಸ್ಥೆ ಕೂಡ ವ್ಯಕ್ತಿತ್ವ ವಿಕಸನದ ಕೋರ್ಸುಗಳನ್ನೇ ಮಾರುತ್ತಿತ್ತು. ಅದರ ಗುರು ಕೀತ್ ರನೇರಿಗೆ 2020ರಲ್ಲಿ 120 ವರ್ಷ ಸೆರೆವಾಸ ವಿಧಿಸಲಾಯಿತು. ಆದರೆ ಡರ್ನಾಸೊಗೆ ಅಪರಾಧದ ವರದಿ ಬೇಕಿಲ್ಲ. ಜಾನ್ ಗದರುವುದಿಲ್ಲ, ಬೆನ್ನು ತಟ್ಟುತ್ತಾನೆ. ತಮ್ಮ ಮಾತನ್ನು ಯಾರೋ ಗಮನವಿಟ್ಟು ಕೇಳಿ ಎಷ್ಟೋ ದಿನವಾಗಿದ್ದವರಿಗೆ ಅಷ್ಟು ಸಾಕಾಗುತ್ತದೆ.

ಕೊರತೆಯೂ ಇದೆ. ಚುಕ್ಕಿಯಂಥ ಕಣ್ಣು, ಸಪಾಟು ಮುಖ ಡರ್ನಾಸೊ ಶೈಲಿ. ಬೂಕರ್ ಪ್ರಶಸ್ತಿಯ ಮೊದಲ ಪಟ್ಟಿ ಸೇರಿದ ಮೊತ್ತಮೊದಲ ಚಿತ್ರಕಾದಂಬರಿ, ಅವರ ‘ಸಬ್ರಿನಾ’ದಲ್ಲಿ (2018) ಕೆಲವೇ ಪಾತ್ರಗಳ ನಡುವೆ ಆ ಶೈಲಿ ದುಃಖವನ್ನು ಹಿಡಿದಿಟ್ಟಿತ್ತು. ಇಲ್ಲಿ ಹತ್ತು ಜನರಲ್ಲಿ ಯಾರು ಯಾರೆಂದು ಬಹಳ ಹೊತ್ತು ತಿಳಿಯದು. ಒಂದಿಬ್ಬರು ನೆರಳಾಗಿಯೇ ಉಳಿದುಬಿಡುತ್ತಾರೆ. ಆದರೂ ಗೋಡೆ ಯಾವ ಚೌಕಟ್ಟಿನಲ್ಲಿ ಮಾಯವಾಯಿತೆಂದು ಹುಡುಕುತ್ತ ಎಷ್ಟೋ ಸಲ ಪುಟ ಹಿಂದಕ್ಕೆ ಮಗುಚಿದ್ದೇನೆ. ಒಮ್ಮೊಮ್ಮೆ ಸಿಕ್ಕಿದೆ.